‘ಮನೆದೇವರು ಯಾವುದು?’: ಬೆಂಗಳೂರಿನ ಕ್ಯಾಂಪಸ್‌ನಲ್ಲಿ ಜಾತಿ ಕೇಳುವ ಬಗೆ

ಬೆಂಗಳೂರಿನ ಕಾಲೇಜುಗಳಲ್ಲಿ ನೇರವಾಗಿ ಜಾತಿ ಕೇಳುವವರು ಕಡಿಮೆ. ಆದರೂ ಕ್ಲಾಸು ಶುರುವಾಗಿ ಒಂದೆರಡು ವಾರ ಕಳೆಯುವಷ್ಟರಲ್ಲಿ ಯಾರು ಯಾವ ಜಾತಿ ಅನ್ನೋದು ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತಾಗಿರುತ್ತದೆ. ಯಾರೂ ಕೇಳದೆ, ಯಾರೂ ಹೇಳದೆ ಇದು ಹೇಗೆ ಗೊತ್ತಾಗುತ್ತದೆ?

ಕೇಳುವುದಕ್ಕೆ ಬೇರೆ ದಾರಿಗಳಿವೆ. ಸಿಇಟಿಯಲ್ಲಿ ರ‍್ಯಾಂಕ್ ಎಷ್ಟು ಬಂತು? ಸೀಟು ಜನರಲ್ ಮೆರಿಟ್ಟಲ್ಲಾ, ಕೆಟಗರಿಯಲ್ಲಾ? ಇನಿಷಿಯಲ್ ಬಿಡಿಸಿ ಹೇಳಿ, ಅಪ್ಪನ ಹೆಸರೇನು? ವೆಜ್ಜಾ, ನಾನ್‌ವೆಜ್ಜಾ? ಮನೆದೇವರು ಯಾವುದು? ಈ ಕೊನೆಯ ಪ್ರಶ್ನೆ ನಮ್ಮ ಕಡೆಯವರು ಕಂಡುಕೊಂಡಿರುವ ಅತಿ ನಯವಾದ ಅಸ್ತ್ರ. ಮಾರಮ್ಮ ಅಂದರೆ ಒಂದು ಲೆಕ್ಕ, ಮಂಟೇಸ್ವಾಮಿ ಅಂದರೆ ಇನ್ನೊಂದು ಲೆಕ್ಕ. ತಿರುಪತಿ ತಿಮ್ಮಪ್ಪ ಅಂದರೆ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಹೀಗಾಗಿ ಎಷ್ಟೋ ಮಂದಿ ತಿಮ್ಮಪ್ಪ ಅಂದುಬಿಡುತ್ತಾರೆ. ಪಾಪ, ತಿಮ್ಮಪ್ಪನಿಗೆ ಎಷ್ಟೆಲ್ಲಾ ಕೆಲಸ!

ಮುಳಬಾಗಿಲು ಕಡೆಯ ಒಂದು ಹಳ್ಳಿಯಿಂದ ಎಂ.ಎ. ಓದಲು ಬೆಂಗಳೂರಿಗೆ ಬಂದ ಹುಡುಗಿ ಅಂತಿಟ್ಟುಕೊಳ್ಳಿ. ರೂಮ್‌ಮೇಟ್ ಒಳ್ಳೆಯವಳೇ. ಮಾತು ಹೀಗೆ ಶುರುವಾಗುತ್ತದೆ.

“ನಿಮ್ಮೂರು ಯಾವುದು?”

“ಮುಳಬಾಗಿಲು ಹತ್ರ.”

“ಅಯ್ಯೋ, ನಮ್ಮ ಅತ್ತೆ ಮನೆ ಅಲ್ಲೇ ಕಣೇ. ಊರಲ್ಲಿ ಎಲ್ಲಿ ನಿಮ್ಮ ಮನೆ?”

“ಸ್ಕೂಲ್ ಹತ್ರ.”

“ಸ್ಕೂಲಿಂದ ಈ ಕಡೆನಾ, ಆ ಕಡೆನಾ?”

‘ಆ ಕಡೆ’ ಅಂದರೆ ದಲಿತರ ಕಾಲೋನಿ. ಎಷ್ಟೋ ಹಳ್ಳಿಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ರೂಮ್‌ಮೇಟ್‌ಗೆ ಕೆಟ್ಟ ಉದ್ದೇಶ ಇಲ್ಲದೆಯೂ ಇರಬಹುದು. ಅವಳ ಮನೆಯಲ್ಲಿ ಪರಿಚಯ ಅಂದರೆ ಹೀಗೇ ಆಗುವುದು. ಆದರೆ ಉತ್ತರ ಕೊಡಬೇಕಾದ ಹುಡುಗಿ ಆ ಅರೆ ಕ್ಷಣದಲ್ಲಿ ಎಷ್ಟೊಂದು ಲೆಕ್ಕ ಹಾಕಬೇಕು ನೋಡಿ. ಈಗ ಹೇಳಿದರೆ ನಾಳೆ ಇವಳು ನನ್ನ ತಟ್ಟೆಯಿಂದ ತಿನ್ನುತ್ತಾಳಾ? ಹೇಳದಿದ್ದರೆ, ಮುಂದೆ ಗೊತ್ತಾದಾಗ ‘ಸುಳ್ಳು ಹೇಳಿದಳು’ ಅಂತಾಳಾ? ಅಪ್ಪ ಅಮ್ಮ ನೋಡಲು ಬಂದಾಗ ಅವರ ಮಾತಿನಲ್ಲಿ ಗೊತ್ತಾಗಿಬಿಟ್ಟರೆ?

ಕ್ಯಾಂಪಸ್‌ನಲ್ಲಿ ಜಾತಿ ಅಂದ ತಕ್ಷಣ ನಾವು ಬೈಗುಳ, ಹೊಡೆತ, ಬೇರೆ ಲೋಟ ಇಂಥದ್ದನ್ನೇ ಹುಡುಕುತ್ತೇವೆ. ಅವೆಲ್ಲ ಇಲ್ಲವೆಂದಲ್ಲ. ಆದರೆ ನಗರದ ವಿಶ್ವವಿದ್ಯಾಲಯದಲ್ಲಿ ದಲಿತ ವಿದ್ಯಾರ್ಥಿಯನ್ನು ದಿನಾ ಸವೆಸುವುದು ಈ ಲೆಕ್ಕಾಚಾರ. ನನ್ನ ಜಾತಿಯನ್ನು ಯಾರಿಗೆ, ಯಾವಾಗ, ಎಷ್ಟು ಹೇಳಬೇಕು ಅನ್ನುವ ತೀರ್ಮಾನ ನನ್ನ ಕೈಯಲ್ಲಿ ಇದೆಯಾ, ಇಲ್ಲವಾ? ನಮ್ಮ ಸಂಸ್ಥೆಗಳು ಈ ತೀರ್ಮಾನವನ್ನು ವಿದ್ಯಾರ್ಥಿಯ ಕೈಯಿಂದ ಕಿತ್ತುಕೊಳ್ಳುತ್ತವೆ. ಕಾನೂನು ಮಾತ್ರ ಇಂದಿಗೂ ಬೈಗುಳಕ್ಕಷ್ಟೇ ಕಿವಿ ಕೊಡುತ್ತಿದೆ.

ಕಿತ್ತುಕೊಳ್ಳುವುದು ಹೇಗೆ ಅಂತ ನೋಡಲು ಆಫೀಸು ಮತ್ತು ಲೈಬ್ರರಿಗೆ ಹೋಗಬೇಕು. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅದಕ್ಕೆ ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು. ಇಲ್ಲಿಯವರೆಗೆ ತಪ್ಪೇನಿಲ್ಲ. ಸರ್ಕಾರಕ್ಕೆ ಜಾತಿ ಗೊತ್ತಿರಬೇಕಾದ್ದೇ. ಆಮೇಲೆ ಏನಾಗುತ್ತದೆ? ಅರ್ಜಿ ಬಾಕಿ ಇರುವವರ ಪಟ್ಟಿ ನೋಟಿಸ್ ಬೋರ್ಡಿಗೆ ಬರುತ್ತದೆ, ಹೆಸರಿನ ಪಕ್ಕದಲ್ಲೇ ಕೆಟಗರಿ. ಅದರ ಫೋಟೊ ಕ್ಲಾಸ್ ವಾಟ್ಸಾಪ್ ಗ್ರೂಪಿಗೆ ಬೀಳುತ್ತದೆ. ಇಲ್ಲವೇ ಪಾಠದ ಮಧ್ಯೆ ಅಟೆಂಡರ್ ಬಂದು “ಎಸ್‌ಸಿ ಎಸ್‌ಟಿ ಸ್ಟೂಡೆಂಟ್ಸ್ ಆಫೀಸಿಗೆ ಬರಬೇಕಂತೆ” ಅನ್ನುತ್ತಾನೆ. ನಾಲ್ಕೈದು ಜನ ಎದ್ದು ಹೋಗುತ್ತಾರೆ. ಉಳಿದವರು ನೋಡುತ್ತಾರೆ. ಅಟೆಂಡರ್‌ನ ಪಾಲಿಗೆ ಅದು ಒಂದು ನಿಮಿಷದ ಕೆಲಸ ಅಷ್ಟೇ.

ಲೈಬ್ರರಿಯ ಬುಕ್ ಬ್ಯಾಂಕ್ ಇನ್ನೂ ಒಳ್ಳೆಯ ಉದಾಹರಣೆ. ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕಗಳನ್ನು ಎರವಲು ಕೊಡುವ ಯೋಜನೆ ಇದು. ದುಬಾರಿ ಎಂಜಿನಿಯರಿಂಗ್, ಮೆಡಿಕಲ್ ಪುಸ್ತಕ ಕೊಳ್ಳಲಾಗದವರಿಗೆ ನಿಜಕ್ಕೂ ದೊಡ್ಡ ಆಸರೆ. ಆದರೆ ಎಷ್ಟೋ ಕಡೆ ಪುಸ್ತಕದ ಮೊದಲ ಪುಟದಲ್ಲೇ ‘ಎಸ್‌ಸಿ/ಎಸ್‌ಟಿ ಬುಕ್ ಬ್ಯಾಂಕ್’ ಅನ್ನೋ ಸೀಲು ಇರುತ್ತದೆ. ಅದಕ್ಕೆ ಬೇರೆ ರಿಜಿಸ್ಟರ್, ಬೇರೆ ಕಪಾಟು. ಪುಸ್ತಕಕ್ಕೆ ಬೈಂಡ್ ಹಾಕಿ, ಮೊದಲ ಪುಟವನ್ನೂ ಅದರೊಳಗೆ ಸೇರಿಸಿ ಅಂಟಿಸಿಬಿಟ್ಟರೆ ಸೀಲು ಕಾಣುವುದಿಲ್ಲ. ಪುಸ್ತಕ ಎರವಲು ಕೇಳಿದ ಗೆಳೆಯನಿಗೆ ‘ಮನೆಯಲ್ಲಿ ಬಿಟ್ಟು ಬಂದೆ’ ಅಂದರೂ ಆಯಿತು. ಲೈಬ್ರರಿಯ ಲೆಕ್ಕಕ್ಕೆ ಒಂದು ಬಾರ್‌ಕೋಡ್ ಸಾಕಲ್ವಾ? ಜಾತಿಯ ಹೆಸರನ್ನೇ ಸೀಲು ಮಾಡಿ ಒತ್ತಬೇಕು ಅಂತ ಯಾವ ಆಡಿಟರ್ ಕೇಳಿದ್ದ?

ಇದರ ಬೆನ್ನಿಗೇ ಬರುವ ಮಾತು “ನಿಮಗೇನಪ್ಪ, ಎಲ್ಲಾ ಫ್ರೀ.” ಇದು ತಮಾಷೆಯ ದನಿಯಲ್ಲೇ ಬರುತ್ತದೆ, ಹಾಗಾಗಿ ಜಗಳವಾಡಲೂ ಆಗುವುದಿಲ್ಲ. ಲೆಕ್ಕ ನೋಡೋಣ. ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಸಿಗಬೇಕಾದರೆ ಕುಟುಂಬದ ವರ್ಷದ ಆದಾಯ 2.5 ಲಕ್ಷ ರೂಪಾಯಿ ದಾಟಬಾರದು. ಅಂದರೆ ತಿಂಗಳಿಗೆ 21 ಸಾವಿರಕ್ಕೂ ಕಡಿಮೆ. ಈ ಮಿತಿಗಿಂತ ಸ್ವಲ್ಪ ಮೇಲಿದ್ದರೂ ಇಲ್ಲ. 2021ರಿಂದ ಇದರಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಕೇಂದ್ರದ ಪಾಲು ನೇರ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಬರುತ್ತದೆ, ವಿದ್ಯಾರ್ಥಿ ಅದನ್ನು ಕಾಲೇಜಿಗೆ ಕಟ್ಟಬೇಕು. ಕಾಗದದ ಮೇಲೆ ಚೆನ್ನಾಗಿದೆ. ಹಣ ಬರುವುದು ತಡವಾದರೆ ಕಾಲೇಜು ಕಾಯುವುದಿಲ್ಲ. ಹಾಲ್ ಟಿಕೆಟ್ ಕೊಡುವಾಗ “ನಿನ್ನದು ಫೀಸ್ ಬಾಕಿ” ಅನ್ನುತ್ತಾರೆ, ಅದೂ ಎಲ್ಲರ ಎದುರಿಗೆ. ‘ಎಲ್ಲಾ ಫ್ರೀ’ ಅನ್ನೋ ಗೆಳೆಯನಿಗೆ ಈ ಕ್ಯೂ ಕಾಣುವುದಿಲ್ಲ.

ವಾಸದ ವಿಷಯವೂ ಇದೇ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ನಲ್ಲಿದ್ದರೆ ವಿಳಾಸ ಬರೆದ ಕೂಡಲೇ ಜಾತಿಯೂ ಬರೆದಂತೆ. ಅದು ಬೇಡ ಅಂತ ಪಿಜಿ ಅಥವಾ ಬಾಡಿಗೆ ರೂಮು ಹುಡುಕಿದರೆ ‘ವೆಜಿಟೇರಿಯನ್ಸ್ ಓನ್ಲಿ’ ಬೋರ್ಡು. ಬೆಂಗಳೂರಿನ ಮನೆ ಓನರ್‌ಗಳ ‘ವೆಜ್’ ಬೋರ್ಡು ಬರೀ ಅಡುಗೆಯ ವಿಷಯ ಅಂತ ನಂಬುವಷ್ಟು ಮುಗ್ಧರು ಈ ಊರಲ್ಲಿ ಯಾರೂ ಇಲ್ಲ.

2025ರಲ್ಲಿ ಜಾತಿ ಹೇಳಲು ಹಿಂಜರಿಯುವ ಈ ಸ್ಥಿತಿ ಇಡೀ ರಾಜ್ಯಕ್ಕೆ ಕಾಣುವಂತೆ ಹೊರಬಂತು. ಒಳಮೀಸಲಾತಿಗಾಗಿ, ಅಂದರೆ ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಒಳಗಿನ ಜಾತಿಗಳಿಗೆ ಹಂಚುವುದಕ್ಕಾಗಿ, ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ಮೇ ತಿಂಗಳಲ್ಲಿ ಪರಿಶಿಷ್ಟ ಜಾತಿಗಳ ಮನೆಮನೆ ಸಮೀಕ್ಷೆ ಶುರುಮಾಡಿತು. ಬೇರೆ ಜಿಲ್ಲೆಗಳಿಗೆ ಹೋಲಿಸಿದರೆ ಬೆಂಗಳೂರು ತೀರಾ ಹಿಂದೆ ಬಿತ್ತು. ಗಡುವನ್ನು ಮತ್ತೆ ಮತ್ತೆ ವಿಸ್ತರಿಸಬೇಕಾಯಿತು. ಮಾತಾಡಿಸದೇ ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿ ಹೋದರು ಅನ್ನೋ ಗಲಾಟೆಯೂ ಆಯಿತು. ಸಿಬ್ಬಂದಿಯ ಸೋಮಾರಿತನ ಒಂದು ಕಾರಣ ಇರಬಹುದು. ಆದರೆ ಬಾಡಿಗೆ ಮನೆಯ ಬಾಗಿಲಲ್ಲಿ, ಪಕ್ಕದ ಮನೆಯವರು ಕೇಳಿಸಿಕೊಳ್ಳುವ ಹಾಗೆ, “ನಾವು ಮಾದಿಗರು” ಅಥವಾ “ನಾವು ಹೊಲೆಯರು” ಅನ್ನೋದು ಅಷ್ಟು ಸುಲಭವಾ? ದೊಡ್ಡವರೇ ಹಿಂಜರಿಯುವ ಊರಲ್ಲಿ ಹದಿನೆಂಟರ ಹುಡುಗ ರೂಮ್‌ಮೇಟ್ ಎದುರು ಧೈರ್ಯವಾಗಿ ಹೇಳಲಿ ಅಂತ ನಿರೀಕ್ಷಿಸುವುದು ತಮಾಷೆಯೇ ಸರಿ.

ರಾಜ್ಯದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ 101 ಜಾತಿಗಳಿವೆ. ಪ್ರಮಾಣಪತ್ರದಲ್ಲಿ ‘ಆದಿ ಕರ್ನಾಟಕ’, ‘ಆದಿ ದ್ರಾವಿಡ’ ಅಂತ ಬರೆಸಿಕೊಂಡವರು ಲಕ್ಷಗಟ್ಟಲೆ. ಎಕೆ, ಎಡಿ ಅನ್ನೋ ಎರಡಕ್ಷರದ ಹಿಂದೆ ಹೊಲೆಯರೂ ಇದ್ದಾರೆ, ಮಾದಿಗರೂ ಇದ್ದಾರೆ. ಹಾಸ್ಟೆಲ್‌ನಲ್ಲಿ ದಲಿತ ಹುಡುಗರ ನಡುವೆಯೇ “ಎಡನಾ, ಬಲನಾ?” ಅನ್ನೋ ಪ್ರಶ್ನೆ ಬರುತ್ತದೆ, ಅಂದರೆ ಮಾದಿಗನಾ, ಹೊಲೆಯನಾ ಅಂತ. ಚರ್ಮದ ಕೆಲಸದ ಜೊತೆ ಗುರುತಿಸಿಕೊಂಡ ಮನೆಯ ಹುಡುಗನಿಗೆ ಹೊರಗಿನವರಿಂದ ಅಡಗುವ ಭಾರದ ಜೊತೆಗೆ ಒಳಗಿನವರಿಂದಲೂ ಅಡಗುವ ಭಾರ. ಈ ಮಾತನ್ನು ಆಡಿದರೆ ಒಗ್ಗಟ್ಟು ಒಡೆಯುತ್ತದೆ ಅನ್ನುವವರಿದ್ದಾರೆ. ಆಡದೇ ಇದ್ದಾಗ ಒಗ್ಗಟ್ಟು ಎಷ್ಟಿತ್ತು ಅನ್ನೋದೂ ನಮಗೆ ಗೊತ್ತೇ ಇದೆ.

ಹಾಗಾದರೆ ಮುಚ್ಚಿಡುವುದನ್ನು ಬಿಟ್ಟು ಎದೆ ತಟ್ಟಿ ಹೇಳಿಬಿಡಬಹುದಲ್ಲ? ಕರ್ನಾಟಕದಲ್ಲಿ ಹಾಗೆ ಹೇಳಿದ ಒಂದು ತಲೆಮಾರೇ ಇತ್ತು. 1973ರ ನವೆಂಬರ್‌ನಲ್ಲಿ ದಲಿತ ಸಮುದಾಯದ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ಕಾಲೇಜು ವಿದ್ಯಾರ್ಥಿಗಳು ಬೀದಿಗಿಳಿದರು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪ ಮಂತ್ರಿಗಿರಿ ಕಳೆದುಕೊಂಡರು. ಆ ಏಟು ತಿಂದ ಹಾಸ್ಟೆಲ್ ಹುಡುಗರೂ ಅವರ ಜೊತೆ ನಿಂತ ಮೇಷ್ಟ್ರುಗಳೂ ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಅದರ ಮುಂದಾಳು ಪ್ರೊ. ಬಿ. ಕೃಷ್ಣಪ್ಪ ಭದ್ರಾವತಿಯಲ್ಲಿ ಕಾಲೇಜು ಮೇಷ್ಟ್ರಾಗಿದ್ದವರು. ಅಂದರೆ ‘ಎಸ್‌ಸಿ ಹಾಸ್ಟೆಲ್’ ಅನ್ನೋದು ಅವಮಾನದ ವಿಳಾಸ ಅಷ್ಟೇ ಆಗಿರಲಿಲ್ಲ. ಅಲ್ಲಿ ಹಾಡು ಹುಟ್ಟಿತು, ಓದು ಹುಟ್ಟಿತು, ರಾಜಕೀಯ ಹುಟ್ಟಿತು. ಇವತ್ತಿಗೂ ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಗೆ ಕ್ಯಾಂಪಸ್‌ಗಳಲ್ಲಿ ನೀಲಿ ಬಾವುಟ ಹಿಡಿದು ಬರುವವರಲ್ಲಿ ಹಲವರು ಇಂಥ ಹಾಸ್ಟೆಲ್‌ಗಳವರೇ. ಅಲ್ಲಿ ಯಾರೂ ಯಾರನ್ನೂ ಮನೆದೇವರು ಯಾವುದು ಅಂತ ಕೇಳುವುದಿಲ್ಲ, ‘ಜೈ ಭೀಮ್’ ಅಂದರೆ ಮುಗಿಯಿತು.

ಆದರೆ ಹೇಳಿಕೊಂಡವರಿಗೆ ಅದರ ಬೆಲೆಯೂ ಇದೆ. ಹೇಳಿದ ಮೇಲೆ ನೀನು ಏನು ಮಾಡಿದರೂ ‘ಅವರ ಕಡೆಯವನು’. ಮಾರ್ಕ್ಸ್ ಜಾಸ್ತಿ ಬಂದರೆ ‘ಅಪರೂಪ’, ಕಡಿಮೆ ಬಂದರೆ ‘ಕೋಟಾ’. ಇಂಗ್ಲಿಷ್ ಬಾರದಿದ್ದರೆ ಬೇರೆ ಜಾತಿಯ ಹುಡುಗನಿಗೆ ‘ಕನ್ನಡ ಮೀಡಿಯಂ ಪಾಪ’ ಅನ್ನೋ ರಿಯಾಯಿತಿ ಸಿಗುತ್ತದೆ. ದಲಿತ ಹುಡುಗನಿಗೆ ಅದೂ ಕೋಟಾದ ಲೆಕ್ಕಕ್ಕೇ ಹೋಗುತ್ತದೆ. ಕ್ಲಾಸಿನಲ್ಲಿ ಮೀಸಲಾತಿಯ ಚರ್ಚೆ ಬಂದರೆ ಎಲ್ಲರ ಕಣ್ಣೂ ಅವನ ಕಡೆ ತಿರುಗುತ್ತವೆ, ಇಡೀ ಸಂವಿಧಾನದ ಪರವಾಗಿ ಅವನೊಬ್ಬನೇ ಉತ್ತರ ಕೊಡಬೇಕು ಅನ್ನೋ ಹಾಗೆ.

ಮೇಷ್ಟ್ರುಗಳಾದರೆ ಬೇರೆಯಾ? 2025ರ ಜುಲೈನಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ 10 ಮಂದಿ ದಲಿತ ಪ್ರಾಧ್ಯಾಪಕರು ತಾರತಮ್ಯ ನಡೆಯುತ್ತಿದೆ ಎಂದು ದೂರಿ ತಮ್ಮ ಹೆಚ್ಚುವರಿ ಆಡಳಿತ ಹೊಣೆಗಳಿಗೆ ರಾಜೀನಾಮೆ ಕೊಟ್ಟರು. ಪ್ರಾಧ್ಯಾಪಕರ ಮಾತು ಕೇಳಿಸಬೇಕಾದರೆ ಹುದ್ದೆ ಬಿಡಬೇಕಾಗುತ್ತದೆ. ವಿದ್ಯಾರ್ಥಿಯ ಕೈಯಲ್ಲಿ ಬಿಡಲು ಏನಿದೆ? ಸೀಟು ಒಂದೇ. ಅದನ್ನು ಬಿಟ್ಟವರೂ ಬಹಳ ಮಂದಿ ಇದ್ದಾರೆ. ಕೇಂದ್ರೀಯ ವಿಶ್ವವಿದ್ಯಾಲಯ, ಐಐಟಿ, ಐಐಎಂಗಳಿಂದ ಐದು ವರ್ಷಗಳಲ್ಲಿ 13,500ಕ್ಕೂ ಹೆಚ್ಚು ಎಸ್‌ಸಿ, ಎಸ್‌ಟಿ, ಒಬಿಸಿ ವಿದ್ಯಾರ್ಥಿಗಳು ಅರ್ಧಕ್ಕೇ ಓದು ಬಿಟ್ಟರು ಅಂತ ಕೇಂದ್ರ ಸರ್ಕಾರವೇ 2023ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಹೇಳಿತು. ಎಲ್ಲರೂ ಜಾತಿಯ ಕಾರಣಕ್ಕೇ ಬಿಟ್ಟರು ಅನ್ನಲಾಗದು. ಬೇರೆ ಕೋರ್ಸಿಗೆ, ಬೇರೆ ಸಂಸ್ಥೆಗೆ ಹೋದವರೂ ಅದರಲ್ಲಿದ್ದಾರೆ.

ಇನ್ನು ಕಾನೂನು. 1989ರ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಜಾತಿಯ ಕಾರಣಕ್ಕೆ ಅವಮಾನ ಮಾಡಿದ್ದು ಅಪರಾಧ ಆಗಬೇಕಾದರೆ ಅದು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ನಡೆದಿರಬೇಕು. ನಾಲ್ಕು ಗೋಡೆಗಳ ನಡುವೆ, ಹೊರಗಿನ ಸಾಕ್ಷಿಗಳಿಲ್ಲದೆ ಆಡಿದ ಮಾತಿಗೆ ಇದು ಅನ್ವಯಿಸುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹಿತೇಶ್ ವರ್ಮಾ ಪ್ರಕರಣದಲ್ಲಿ ಹೇಳಿತು. ಕಾನೂನಿನ ತರ್ಕ ಏನೇ ಇರಲಿ, ವಿಶ್ವವಿದ್ಯಾಲಯದಲ್ಲಿ ಮುಖ್ಯವಾದದ್ದೆಲ್ಲ ನಡೆಯುವುದು ನಾಲ್ಕು ಗೋಡೆಗಳ ನಡುವೆಯೇ ಅಲ್ವಾ? ಹಾಸ್ಟೆಲ್ ರೂಮು, ವೈವಾ ನಡೆಯುವ ಕೋಣೆ, ಪಿಎಚ್‌ಡಿ ಗೈಡ್ ಚೇಂಬರ್. ಅದರಲ್ಲೂ ಗೈಡ್ ಕೈಯಲ್ಲಿ ಎಲ್ಲವೂ ಇದೆ: ಫೆಲೋಶಿಪ್ ಕಾಗದಕ್ಕೆ ಸಹಿ, ಪ್ರಗತಿ ವರದಿ, ಕೊನೆಗೆ ಶಿಫಾರಸು ಪತ್ರ. ಒಂದೇ ಒಂದು ಕೆಟ್ಟ ಮಾತಾಡದೆ, ಬರೀ ಅಧ್ಯಾಯವನ್ನು ಆರು ತಿಂಗಳು ಓದದೆ ಇಟ್ಟುಕೊಂಡರೆ ಸಾಕು. ಇದಕ್ಕೆ ಯಾವ ಸೆಕ್ಷನ್?

ಬಹಿರಂಗವಾಗಿ, ವೇದಿಕೆಯ ಮೇಲೇ ನಡೆದದ್ದೂ ಉಂಟು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಾಲೇಜು ಉತ್ಸವದ ಪ್ರಹಸನದಲ್ಲಿ ಅಂಬೇಡ್ಕರ್ ಹೆಸರನ್ನೂ ದಲಿತರನ್ನೂ ಹಾಸ್ಯದ ವಸ್ತು ಮಾಡಿದರು. ಬಂಧನಗಳಾದವು. ಮುಂದೆ ಹೈಕೋರ್ಟ್ ಅದನ್ನು ವಿಡಂಬನೆ ಅಂತ ಪರಿಗಣಿಸಿ ಪ್ರಕರಣ ರದ್ದು ಮಾಡಿತು. ಇಪ್ಪತ್ತರ ಹುಡುಗರನ್ನು ಜೈಲಿಗೆ ಕಳಿಸಿದರೆ ಜಾತಿ ಹೋಗುತ್ತದೆ ಅಂತ ನಾನೂ ನಂಬುವುದಿಲ್ಲ. ಆದರೆ ನನ್ನ ತಲೆ ಕೊರೆಯುವುದು ಬೇರೆ. ಒಂದು ಪ್ರಹಸನಕ್ಕೆ ಸ್ಕ್ರಿಪ್ಟು ಬೇಕು, ಪ್ರಾಕ್ಟೀಸು ಬೇಕು. ಅಷ್ಟೂ ದಿನ ಅದನ್ನು ನೋಡಿದ ಒಬ್ಬರಿಗೂ ಇದು ಸರಿಯಲ್ಲ ಅನ್ನಿಸಲಿಲ್ಲವಾ? ಅನ್ನಿಸಿದ್ದರೂ ಹೇಳುವ ಧೈರ್ಯ ಬರಲಿಲ್ಲವಾ?

ಕ್ಯಾಂಪಸ್ಸಿಗೇ ಅಂತ ಮಾಡಿದ ನಿಯಮಗಳ ಕಥೆ ಇನ್ನೂ ವಿಚಿತ್ರ. 2007ರಲ್ಲಿ ಥೋರಟ್ ಸಮಿತಿ ದೆಹಲಿಯ ಏಮ್ಸ್‌ನಲ್ಲಿ ಹಾಸ್ಟೆಲ್ಲಿನಿಂದ ಕ್ಲಾಸಿನವರೆಗೆ ತಾರತಮ್ಯ ಇದೆ ಅಂತ ವರದಿ ಕೊಟ್ಟಿತು. 2012ರಲ್ಲಿ ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ನೋಡುವ ಯುಜಿಸಿ ನಿಯಮ ತಂದು, ಪ್ರತಿ ಸಂಸ್ಥೆಯಲ್ಲೂ ಸಮಾನ ಅವಕಾಶ ಘಟಕ, ತಾರತಮ್ಯ ತಡೆ ಅಧಿಕಾರಿ ಇರಬೇಕು ಅಂದಿತು. ಮಾಡದಿದ್ದ ಸಂಸ್ಥೆಗೆ ಏನು ಶಿಕ್ಷೆ ಅನ್ನೋದು ಮಾತ್ರ ಅದರಲ್ಲಿ ಇರಲಿಲ್ಲ. ನಿಯಮ ಇದ್ದಾಗಲೇ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಮತ್ತು ನಾಲ್ವರು ಗೆಳೆಯರನ್ನು ಹಾಸ್ಟೆಲಿನಿಂದ ಹೊರಹಾಕಲಾಯಿತು. ಅವರು ಬಯಲಲ್ಲೇ ‘ವೆಲಿವಾಡ’ (ತೆಲುಗಿನಲ್ಲಿ ಊರಾಚೆಯ ದಲಿತ ಕೇರಿ) ಹಾಕಿ ಕೂತರು. 2016ರ ಜನವರಿ 17ರಂದು ರೋಹಿತ್ ಸತ್ತರು. 2019ರ ಮೇ ತಿಂಗಳಲ್ಲಿ ಮುಂಬೈನಲ್ಲಿ ಆದಿವಾಸಿ ವೈದ್ಯೆ ಪಾಯಲ್ ತಡ್ವಿಯ ಸಾವು. ಅದೇ ವರ್ಷ ಇಬ್ಬರ ತಾಯಂದಿರೂ ಒಟ್ಟಿಗೆ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿ, ಇರುವ ನಿಯಮವನ್ನಾದರೂ ಜಾರಿ ಮಾಡಿಸಿ ಅಂತ ಕೇಳಿದರು.

ಆ ಮೊಕದ್ದಮೆಯ ಒತ್ತಡದಿಂದ ಯುಜಿಸಿ 2026ರ ಜನವರಿಯಲ್ಲಿ ಹೊಸ ನಿಯಮ ಹೊರಡಿಸಿತು. ಸಮತಾ ಸಮಿತಿ, ಸಹಾಯವಾಣಿ, ಪಾಲಿಸದ ಸಂಸ್ಥೆಗಳ ಮೇಲೆ ಕ್ರಮ ಎಲ್ಲ ಅದರಲ್ಲಿದ್ದವು. ಸಾಮಾನ್ಯ ವರ್ಗದವರಿಗೆ ಇದರಲ್ಲಿ ರಕ್ಷಣೆ ಇಲ್ಲ ಅಂತ ಪ್ರತಿಭಟನೆಗಳು ಎದ್ದವು. ಅದೇ ತಿಂಗಳ 29ಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟು, ಸದ್ಯಕ್ಕೆ 2012ರದ್ದೇ ಇರಲಿ ಅಂದಿತು. ಯುಜಿಸಿಯ ಅಂಕಿ ಅಂಶದ ಪ್ರಕಾರ 2019-20ರಲ್ಲಿ ಜಾತಿ ತಾರತಮ್ಯದ 173 ದೂರು ಬಂದಿದ್ದವು, 2023-24ರಲ್ಲಿ 378. ಐದು ವರ್ಷಕ್ಕೆ ಒಟ್ಟು 1,160. ಇವು ಬಂದದ್ದು 704 ವಿಶ್ವವಿದ್ಯಾಲಯ, 1,553 ಕಾಲೇಜುಗಳಿಂದ. ದೂರು ದುಪ್ಪಟ್ಟಾಗಿದೆ ಅಂತ ಪತ್ರಿಕೆಗಳು ಬರೆದವು. ನನಗೆ ಕಂಡದ್ದು ಅದಲ್ಲ. ಐದು ವರ್ಷದಲ್ಲಿ ಎರಡು ಸಂಸ್ಥೆಗೆ ಸರಾಸರಿ ಒಂದು ದೂರು ಅಂದರೆ, ದೂರು ಕೊಡುವುದು ಎಷ್ಟು ದುಬಾರಿ ಅಂತ ಅರ್ಥ. ದೂರಿನ ಮೊದಲ ಸಾಲಿನಲ್ಲೇ ಜಾತಿ ಬರೆಯಬೇಕು. ಎರಡು ವರ್ಷ ಕಾಪಾಡಿಕೊಂಡ ಗುಟ್ಟನ್ನು ಒಂದು ಅರ್ಜಿಗೆ ತೆರಬೇಕು.

ಕರ್ನಾಟಕದಲ್ಲಿ 2025ರ ಏಪ್ರಿಲ್‌ನಲ್ಲಿ ರಾಹುಲ್ ಗಾಂಧಿ ಮುಖ್ಯಮಂತ್ರಿ ಸಿದ್ದರಾಮಯ್ಯನವರಿಗೆ ಪತ್ರ ಬರೆದ ಮೇಲೆ ರೋಹಿತ್ ವೇಮುಲ ಹೆಸರಿನ ಮಸೂದೆಯ ಕರಡು ಸಿದ್ಧವಾಯಿತು. ಅದರಲ್ಲಿ ಮೊದಲ ತಪ್ಪಿಗೆ ಒಂದು ವರ್ಷ ಜೈಲು, ಸಂತ್ರಸ್ತರಿಗೆ ಪರಿಹಾರ, ತಪ್ಪು ಮಾಡಿದ ಸಂಸ್ಥೆಗೆ ಸರ್ಕಾರದ ಅನುದಾನಕ್ಕೆ ಕತ್ತರಿ ಇವೆಲ್ಲ ಇದ್ದವು. ಜೈಲಿಗಿಂತ ಅನುದಾನದ ಮಾತೇ ನನಗೆ ಮುಖ್ಯ ಅನ್ನಿಸುತ್ತದೆ. ಕಾರಣ, ರ‍್ಯಾಗಿಂಗ್ ವಿಷಯದಲ್ಲಿ ನಾವು ಇದನ್ನು ಕಣ್ಣಾರೆ ನೋಡಿದ್ದೇವೆ.

2009ರ ಮಾರ್ಚ್‌ನಲ್ಲಿ ಹಿಮಾಚಲದ ಮೆಡಿಕಲ್ ಕಾಲೇಜಿನಲ್ಲಿ ಅಮನ್ ಕಚ್ರೂ ಅನ್ನೋ ಹುಡುಗ ರ‍್ಯಾಗಿಂಗ್‌ಗೆ ಬಲಿಯಾದ. ಅದೇ ವರ್ಷ ಯುಜಿಸಿ ಬಿಗಿ ನಿಯಮ ತಂದಿತು. ವಿದ್ಯಾರ್ಥಿ ಮತ್ತು ಪೋಷಕರು ಮುಚ್ಚಳಿಕೆ ಬರೆದುಕೊಡಬೇಕು, ಕಾಲೇಜು ಪೊಲೀಸರಿಗೆ ದೂರು ಕೊಡಲೇಬೇಕು, ಇಲ್ಲದಿದ್ದರೆ ಸಂಸ್ಥೆಯ ಮೇಲೇ ಕ್ರಮ. ರ‍್ಯಾಗಿಂಗ್ ಪೂರ್ತಿ ನಿಂತಿಲ್ಲ ನಿಜ. ಆದರೆ ಇವತ್ತು ಅದನ್ನು ‘ಹುಡುಗರ ತಮಾಷೆ’ ಅಂತ ಪ್ರಿನ್ಸಿಪಾಲ್ ಒಬ್ಬರು ಬಾಯಿಬಿಟ್ಟು ಹೇಳಲಾರರು. ಜಾತಿಯ ಮಾತನ್ನು ಈಗಲೂ ಹೇಳಬಹುದು. ವ್ಯತ್ಯಾಸ ಎಲ್ಲಿ ಬಂತು? ರ‍್ಯಾಗಿಂಗ್‌ಗೆ ಯಾರ ಮಗ ಬೇಕಾದರೂ ಸಿಕ್ಕಿಬೀಳಬಹುದು. ಕಾಲೇಜು ಆಡಳಿತ ಮಂಡಳಿಯವರ ಮಗನೂ.

ಮಸೂದೆ, ಕೋರ್ಟು ಎಲ್ಲ ತಮ್ಮ ವೇಗದಲ್ಲಿ ನಡೆಯಲಿ. ಬೆಂಗಳೂರಿನ ಯಾವುದೇ ಕಾಲೇಜು ನಾಳೆಯೇ ಮಾಡಬಹುದಾದದ್ದು ಬೇಕಾದಷ್ಟಿದೆ. ಬೋರ್ಡಿಗೆ ಹಾಕುವ ಪಟ್ಟಿಯಿಂದ ಕೆಟಗರಿ ಕಾಲಂ ತೆಗೆಯಬೇಕು, ಹೆಸರಿನ ಬದಲು ಅರ್ಜಿ ನಂಬರ್ ಸಾಕು. ಬುಕ್ ಬ್ಯಾಂಕಿನ ಸೀಲು ಬಿಟ್ಟು ಬಾರ್‌ಕೋಡ್ ಹಾಕಬೇಕು. ವಿದ್ಯಾರ್ಥಿವೇತನದ ಸುದ್ದಿ ಕ್ಲಾಸಿನಲ್ಲಿ ಕೂಗದೆ ವಿದ್ಯಾರ್ಥಿಯ ಫೋನಿಗೆ ಕಳಿಸಬೇಕು. ಗೈಡ್ ಬದಲಿಸಿಕೊಳ್ಳಲು ಆ ಗೈಡ್ ಸಹಿಯೇ ಬೇಕು ಅನ್ನೋ ಪದ್ಧತಿ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಹೋಗಬೇಕು. ಇದಕ್ಕೆಲ್ಲ ಹೊಸ ಕಾಯ್ದೆ ಬೇಡ, ಒಂದು ಸರ್ಕ್ಯುಲರ್ ಸಾಕು. ಮುಂದಿನ ಅಡ್ಮಿಷನ್ ಶುರುವಾಗುವ ಮೊದಲೇ ಅದು ಹೊರಡಬಹುದು.